ಕರಿ ಮರಿ ನೀಲಿಯಾಗುವುದು ಯಾವಾಗ?

(ಮಹಿಳಾ ವೇದಿಕೆಯ ಆನ್‌ಲೈನ್ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಹೋದ ಸಲ ಹಪ್ಪಳ ಸಂಡಿಗೆಯ ಬಗ್ಗೆ ಮಾತಾಡಿದವರಿಗೆ ಸಿಕ್ಕಷ್ಟು ಚಪ್ಪಾಳೆ ನನಗೆ ಸಿಗಲಿಕ್ಕಿಲ್ಲ. ಇವತ್ತಿನ ವಿಷಯ ನಾಯಿಮರಿಯ ಬಣ್ಣ ಅಂತ ಗ್ರೂಪಿನಲ್ಲಿ ಹಾಕಿದ ಕೂಡಲೇ ಒಬ್ಬರು, "ಡಾಕ್ಟ್ರೇ, ಇದೂ ಒಂದು ವಿಷಯವಾ?" ಅಂತ ಕೇಳಿದರು. ವಿಷಯವೇ. ವಿಳಿಂಜಂನಲ್ಲಿ ನನ್ನ ಮನೆಯ ಮುಂದಿನ ಕೋಣೆಯಲ್ಲೇ ಕ್ಲಿನಿಕ್ಕು. ಅಲ್ಲಿಗೆ ಯಾರ್ಕ್‌ಷೈರ್ ಟೆರಿಯರ್ ಮರಿ ಎತ್ತಿಕೊಂಡು ಬರುವವರು ಲಸಿಕೆಯ ಬಗ್ಗೆ ಕೇಳುವ ಮೊದಲೇ ಕೇಳುವ ಪ್ರಶ್ನೆ ಇದು: "ಇದು ಹೀಗೇ ಕಪ್ಪಗೇ ಇರುತ್ತಾ, ಇಲ್ಲಾ ಫೋಟೋದಲ್ಲಿ ಇದ್ದ ಹಾಗೆ ಆಗುತ್ತಾ?"

ಫೋಟೋದಲ್ಲಿ ಇರುವುದು ಬೆಳೆದ ನಾಯಿ. ಬೆನ್ನ ಮೇಲೆ ರೇಷ್ಮೆ ನೂಲಿನಂಥ ಉಕ್ಕಿನ ನೀಲಿ ಕೂದಲು, ಮುಖ ಕಾಲುಗಳಲ್ಲಿ ಹೊಂಬಣ್ಣ. ಕೈಯಲ್ಲಿ ಇರುವುದು ಅಂಗೈ ಅಗಲದ ಕರಿ ಉಂಡೆ. ಹುಬ್ಬಿನ ಮೇಲೆ ಎರಡು ಕಂದು ಚುಕ್ಕೆ, ಮೂತಿಯ ಪಕ್ಕದಲ್ಲಿ, ಎದೆಯ ಮೇಲೆ, ಪಾದಗಳಲ್ಲಿ, ಬಾಲದ ಕೆಳಗೆ ಒಂದಿಷ್ಟು ಕಂದು, ಅಷ್ಟೇ. ಹತ್ತಾರು ಸಾವಿರ ರೂಪಾಯಿ ಕೊಟ್ಟು ತಂದವರಿಗೆ ಹೊಟ್ಟೆಯಲ್ಲಿ ಕಳವಳ ಆಗುವುದು ಸಹಜ. ಮೊದಲೇ ಹೇಳಿಬಿಡುತ್ತೇನೆ: ಕಪ್ಪಾಗಿ ಹುಟ್ಟಿದ್ದೇ ಸರಿಯಾದ ಮರಿ. ಈ ತಳಿಯಲ್ಲಿ ಎಲ್ಲ ಮರಿಗಳೂ ಹಾಗೇ ಹುಟ್ಟಬೇಕು. ನೀಲಿಯಾಗಿಯೇ ಹುಟ್ಟಿದ ಮರಿಯ ಬಗ್ಗೆ ಚಿಂತೆ ಮಾಡಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಹುಟ್ಟಿದ ಬಣ್ಣ ಬೇರೆ, ಬೆಳೆದ ಬಣ್ಣ ಬೇರೆ ಅನ್ನುವುದು ನಮಗೇನೂ ಹೊಸದಲ್ಲ. ನಾನು ವಿಜಯಪುರ ಸೀಮೆಯವಳು. ನಮ್ಮ ಕಡೆಯ ಕಿಲಾರಿ ಎತ್ತು ಬೂದು ಬಿಳುಪು. ಆದರೆ ಕರು ಹುಟ್ಟಿದಾಗ ನೆತ್ತಿಯ ಮೇಲೆ ತುಕ್ಕಿನ ಕೆಂಪು ಇರುತ್ತದೆ, ಒಂದೆರಡು ತಿಂಗಳಲ್ಲಿ ಅದು ಎಲ್ಲಿ ಹೋಯಿತೋ ಗೊತ್ತೇ ಆಗುವುದಿಲ್ಲ. ಬಿಳಿ ಕುದುರೆಗಳಲ್ಲಿ ಬಹುಪಾಲು ಮರಿಯಾಗಿದ್ದಾಗ ಕಪ್ಪೋ ಕಂದೋ ಇದ್ದವೇ. ಕಿಲಾರಿ ಕರುವಿನ ನೆತ್ತಿ ನೋಡಿ ನಮ್ಮಜ್ಜ ಗಾಬರಿಯಾಗಿದ್ದನ್ನು ನಾನು ಕಂಡಿಲ್ಲ. ಆದರೆ ಅದೇ ಮನೆಯ ಬಾಣಂತಿ ಕೋಣೆಯಲ್ಲಿ ಏನಾಗುತ್ತಿತ್ತು, ನೆನಪು ಮಾಡಿಕೊಳ್ಳಿ. ಹುಟ್ಟಿ ಮೂರು ದಿನವಾಗದ ಕೂಸಿನ ಕಿವಿ ಮಡಚಿ, ತುದಿಯ ಬಣ್ಣ ನೋಡಿ, "ಇದೇ ನೋಡು, ಮುಂದೆ ಈ ಬಣ್ಣಕ್ಕೇ ಬರ್ತದ" ಅಂತ ಹಿರಿಯರು ತೀರ್ಪು ಕೊಡುತ್ತಿದ್ದರು. ಗಂಡು ಕೂಸಾದರೆ ಒಂದು ಸಲ ನೋಡಿ ಬಿಡುತ್ತಿದ್ದರು; ಹೆಣ್ಣಾದರೆ ಬಂದವರೆಲ್ಲ ಕಿವಿ ಮಡಚುತ್ತಿದ್ದರು. ಬಸುರಿಗೆ ಕೇಸರಿ ಹಾಲು ಕುಡಿಸಿದ್ದು ದಂಡವಾಯಿತೇ ಅಂತ ಬೇರೆ ಲೆಕ್ಕ. ನನ್ನ ಕಿವಿಯನ್ನೂ ಮಡಚಿದ್ದರಂತೆ. ಫಲಿತಾಂಶ ನಿಮ್ಮ ಪರದೆಯ ಮೇಲೇ ಇದೆ.

ಕಿವಿಯ ತುದಿಯ ಮಾತು ಹೇಗೋ ಏನೋ, ಯಾರ್ಕಿ ಮರಿಯ ವಿಷಯದಲ್ಲಿ ನೋಡಬೇಕಾದ ಜಾಗ ಕೂದಲಿನ ತುದಿಯಲ್ಲ, ಬುಡ. ಇವತ್ತು ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು.

ಕಾರಣ ಹೇಳುತ್ತೇನೆ. ಕೂದಲಿಗೆ ಬಣ್ಣ ಕೊಡುವ ಜೀವಕೋಶಗಳು ಕೂದಲಿನ ಬೇರಿನಲ್ಲಿ ಕೂತಿರುತ್ತವೆ. ಅವು ಎರಡು ಬಗೆಯ ಬಣ್ಣ ತಯಾರಿಸುತ್ತವೆ, ಒಂದು ಕಪ್ಪು, ಇನ್ನೊಂದು ಕೆಂಪು ಹಳದಿ. ಮೈಯ ಯಾವ ಭಾಗದಲ್ಲಿ ಯಾವುದು ಅನ್ನುವುದನ್ನು ಒಂದು ವಂಶವಾಹಿ ಹಂಚುತ್ತದೆ; ಡೋಬರ್‌ಮನ್ ನಾಯಿಯ ಹುಬ್ಬಿನ ಮೇಲೆ ಕಾಣುವ ಕಂದು ಚುಕ್ಕೆಗೂ ಯಾರ್ಕಿಯ ಚುಕ್ಕೆಗೂ ಕಾರಣ ಒಂದೇ. ಯಾರ್ಕಿಯಲ್ಲಿ ಹೆಚ್ಚುವರಿಯಾಗಿ ಇನ್ನೊಂದು ವಂಶವಾಹಿಯ ಕೆಲಸವಿದೆ. ಅದು ನಾಯಿ ಬೆಳೆದಂತೆ ಕಪ್ಪು ಬಣ್ಣವನ್ನು ಸ್ವಲ್ಪಸ್ವಲ್ಪವೇ ಕಡಿಮೆ ಮಾಡುತ್ತಾ ಬರುತ್ತದೆ. ನಲವತ್ತು ದಾಟಿದ ನಮಗೆ ಬೈತಲೆಯಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ ಥರದ್ದು. ಅವಕ್ಕೆ ಒಂದು ವರ್ಷದೊಳಗೇ ಶುರು. ಬಣ್ಣ ಕಡಿಮೆಯಾದ ಕಪ್ಪು ನಮ್ಮ ಕಣ್ಣಿಗೆ ನೀಲಿ ಬೂದಾಗಿ ಕಾಣುತ್ತದೆ. ಹಾಗಾಗಿ ಈ 'ನೀಲಿ' ಅನ್ನುವುದು ಇಳಕಲ್ ಸೀರೆಯ ನೀಲಿಯಲ್ಲ. ಹೊಸ ಸ್ಟೀಲು ಕೊಡ ಸ್ವಲ್ಪ ನೆರಳಿನಲ್ಲಿ ಇಟ್ಟರೆ ಕಾಣುತ್ತದಲ್ಲ, ಆ ಬಣ್ಣ.

ಬದಲಾವಣೆ ಬೇರಿನಲ್ಲಿ ಆಗುವುದರಿಂದ ಮೊದಲು ಕಾಣುವುದೂ ಬುಡದಲ್ಲೇ. ಮರಿಗೆ ಐದಾರು ತಿಂಗಳಾದಾಗ ಬೆನ್ನ ಮೇಲಿನ ಕೂದಲನ್ನು ಬೈತಲೆ ತೆಗೆದ ಹಾಗೆ ಎರಡು ಕಡೆ ಸರಿಸಿ, ಹಗಲು ಬೆಳಕಿನಲ್ಲಿ ಚರ್ಮದ ಹತ್ತಿರ ನೋಡಿ. ಬುಡದಲ್ಲಿ ಬೂದಿಯ ಹೊಳಪು ಕಂಡರೆ ಕೆಲಸ ಶುರುವಾಗಿದೆ. ಇದ್ದಿಲ ಕಪ್ಪೇ ಇದ್ದರೆ ಇನ್ನೂ ಕಾಯಬೇಕು. ಒಂದು ವರ್ಷವಾದರೂ ಬುಡ ಅಷ್ಟೇ ಕಪ್ಪಗಿದ್ದರೆ ಅದು ಕಪ್ಪಾಗಿಯೇ ಉಳಿಯುವ ಸಾಧ್ಯತೆ ಹೆಚ್ಚುತ್ತಾ ಹೋಗುತ್ತದೆ. ಆದರೂ ಪೂರ್ತಿ ಬಣ್ಣ ನಿಲ್ಲುವುದು ಎರಡು ಮೂರು ವರ್ಷಕ್ಕೆ.

ಇದೇ ಲೆಕ್ಕ ನಮ್ಮ ಸಮುದ್ರ ತೀರದಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸುತ್ತದೆ. ಇಲ್ಲಿಯ ಬಿಸಿಲಿಗೆ ಕಪ್ಪು ಕೂದಲು ತುಕ್ಕು ಹಿಡಿದ ಹಾಗೆ ಕೆಂಪಾಗುತ್ತದೆ. ಕಾಲು ನೆಕ್ಕಿ ನೆಕ್ಕಿ ಪಾದದ ಕೂದಲೂ ಕೆಂಪಾಗುತ್ತದೆ. "ಡಾಕ್ಟ್ರೇ, ಹೊಂಬಣ್ಣ ಬರ್ತಾ ಇದೆ" ಅಂತ ಖುಷಿಯಿಂದ ಬರುತ್ತಾರೆ. ಹೊರಗಿನಿಂದ ಆದ ಬದಲಾವಣೆ ತುದಿಯಲ್ಲಿ, ವಂಶದಿಂದ ಬಂದದ್ದು ಬುಡದಲ್ಲಿ. ನೆಕ್ಕಿ ಕೆಂಪಾದ ಪಾದ ಬಣ್ಣವಲ್ಲ, ಅಲ್ಲಿ ಅಲರ್ಜಿಯೋ ಫಂಗಸ್ಸೋ ಇದೆ ಅಂತ ಅರ್ಥ. ಈ ಊರಿನ ತೇವಕ್ಕೆ ಅದು ಮಾಮೂಲು.

ಎಲ್ಲಿ ಮೊದಲು ಬದಲಾಗುತ್ತದೆ? ಸಾಮಾನ್ಯವಾಗಿ ತಲೆ. ಕೆನ್ನೆ, ಕಿವಿಯ ಬುಡ, ಹಣೆ, ಇಲ್ಲಿ ಕಪ್ಪಿನ ನಡುವೆ ಕಂದು ಎಳೆಗಳು ಬಂದು, ತಿಂಗಳುಗಳು ಕಳೆದಂತೆ ಇಡೀ ಮುಖ ಹೊಂಬಣ್ಣಕ್ಕೆ ತಿರುಗುತ್ತದೆ. ಕಾಲುಗಳಲ್ಲಿ ಪಾದದಿಂದ ಮೇಲಕ್ಕೆ ಕಂದು ಏರುತ್ತದೆ. ಬೆನ್ನು ನಿಧಾನ. ಬಾಲದ ತುದಿ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಒಳ್ಳೆಯ ಯಾರ್ಕಿಯಲ್ಲೂ ಬಾಲ ಮೈಗಿಂತ ಗಾಢವಾಗಿಯೇ ಇರುತ್ತದೆ. ಇನ್ನು ನಡುವಿನ ವಯಸ್ಸಿದೆಯಲ್ಲ, ಎಂಟು ತಿಂಗಳಿಂದ ಒಂದೂವರೆ ವರ್ಷ, ಆಗ ಕೂದಲಿನ ಬುಡ ಬೂದು, ತುದಿ ಕಪ್ಪು, ಮುಖದಲ್ಲಿ ಮಸಿ ಬಳಿದ ಹಾಗೆ. ನೋಡಲು ಚೆನ್ನಾಗಿರುವುದಿಲ್ಲ. ಹದಿಮೂರು ಹದಿನಾಲ್ಕು ವಯಸ್ಸಿನ ನಮ್ಮ ಮಕ್ಕಳ ಹಾಗೆಯೇ, ಸುಮ್ಮನೆ ಬಿಡಬೇಕು.

ಕೂದಲಿನ ಗುಣವನ್ನೂ ಕೈಯಲ್ಲಿ ಹಿಡಿದು ನೋಡಿ. ಮುಟ್ಟಿದರೆ ತಣ್ಣಗೆ, ಜಾರುವ ರೇಷ್ಮೆಯಂತೆ ಇದ್ದರೆ ನೀಲಿಗೆ ತಿರುಗುವ ಸಂಭವ ಹೆಚ್ಚು ಅಂತ ಹಳೆಯ ಸಾಕಣೆದಾರರು ಹೇಳುತ್ತಾರೆ. ಹತ್ತಿಯಂತೆ ಉಬ್ಬಿಕೊಂಡಿರುವ, ಬೇಗ ಗಂಟು ಬೀಳುವ ಕೂದಲು ಕಪ್ಪಾಗಿಯೇ ಉಳಿಯುವುದು ಜಾಸ್ತಿ. ನನ್ನ ಅನುಭವದಲ್ಲೂ ಇದು ಬಹಳ ಸಲ ನಿಜವಾಗಿದೆ, ಪ್ರತಿ ಸಲವೂ ಅಲ್ಲ.

ಅಪ್ಪ ಅಮ್ಮನನ್ನು ನೋಡುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಎರಡೂ ಮೂರು ವರ್ಷ ದಾಟಿರಬೇಕು, ಎದುರಿಗೇ ನೋಡಬೇಕು. ಫೋಟೋ ಬೇಡ, ಈಗಿನ ಫೋನುಗಳು ಯಾರನ್ನು ಬೇಕಾದರೂ ಯಾವ ಬಣ್ಣಕ್ಕೆ ಬೇಕಾದರೂ ತಿರುಗಿಸುತ್ತವೆ. ಬೂದಾಗಿಸುವ ಆ ವಂಶವಾಹಿ ಒಂದು ಕಡೆಯಿಂದ ಬಂದರೂ ಕೆಲಸ ಮಾಡುತ್ತದೆ. ಹಾಗಾಗಿ ನೀಲಿ ಅಪ್ಪ, ನೀಲಿ ಅಮ್ಮನಿಗೂ ಕಪ್ಪಾಗಿಯೇ ಉಳಿಯುವ ಮರಿ ಹುಟ್ಟಬಹುದು. ಇಬ್ಬರಲ್ಲೂ ಒಂದೊಂದೇ ಪ್ರತಿ ಇದ್ದರೆ, ನಾಲ್ಕರಲ್ಲಿ ಒಂದು ಮರಿಗೆ ಅದು ಸಿಗದೇ ಹೋಗುವ ಸಂಭವ ಇದೆ. ಒಂದೇ ಸೂಲಿನಲ್ಲಿ ಹುಟ್ಟಿದ ಅಕ್ಕತಂಗಿಯರು ಒಂದೇ ಬಣ್ಣ ಇರಬೇಕೆಂದು ಎಲ್ಲಿದೆ? ಡಿಎನ್‌ಎ ಪರೀಕ್ಷೆಯೂ ಇದೆ. ಚಾಕಲೇಟು ಬಣ್ಣದ ವಂಶವಾಹಿ ಇದೆಯೇ, ಬಣ್ಣ ತೆಳುವಾಗಿಸುವುದು ಇದೆಯೇ ಅಂತ ಅದು ಹೇಳುತ್ತದೆ. ಸೀರೆ ಅಂಗಡಿಯಲ್ಲಿ ಬಣ್ಣದ ಕಾರ್ಡು ತೋರಿಸಿದ ಹಾಗೆ "ಇದೇ ಶೇಡು" ಅಂತ ಹೇಳುವುದಿಲ್ಲ.

ಒಂದು ಉಪಾಯ ಹೇಳಿಕೊಡುತ್ತೇನೆ, ಖರ್ಚಿಲ್ಲ. ಪ್ರತಿ ತಿಂಗಳೂ ಒಂದೇ ತಾರೀಖು, ನಡುಬೆನ್ನಿನ ಒಂದೇ ಜಾಗದಿಂದ, ಚರ್ಮಕ್ಕೆ ತಾಗದಂತೆ ಆದರೆ ಬುಡದ ಹತ್ತಿರ, ನಾಲ್ಕಾರು ಎಳೆ ಕತ್ತರಿಸಿ. ಬಿಳಿ ಹಾಳೆಯ ಮೇಲೆ ಸೆಲೋಟೇಪಿನಿಂದ ಅಂಟಿಸಿ ತಾರೀಖು ಬರೆಯಿರಿ. ಹನ್ನೆರಡು ತಿಂಗಳಾದಾಗ ಹಾಳೆಯೇ ನಿಮಗೆ ಕಥೆ ಹೇಳುತ್ತದೆ. ದಿನಾ ನೋಡುವ ಕಣ್ಣಿಗೆ ಬದಲಾವಣೆ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಸೆಕೆ ಅಂತ ಪೂರ್ತಿ ಬೋಳಿಸಿದರೆ ನೀಲಿ ಬೇಗ ಬರುತ್ತದೆ ಅನ್ನುವವರಿದ್ದಾರೆ. ಬೇಗ ಬರುವುದಿಲ್ಲ, ಹಳೆಯ ಕಪ್ಪು ತುದಿ ಹೋಗಿ ಬುಡ ಕಾಣುತ್ತದೆ, ಅಷ್ಟೇ. ಗಿಡ್ಡ ಮಾಡಿಸಿ, ಚರ್ಮದವರೆಗೆ ಬೋಳಿಸಬೇಡಿ.

ಈಗ ಆಗ ಹೇಳಿದ ಮಾತಿಗೆ ಬರುತ್ತೇನೆ. ಇವತ್ತು ಈ ವಿಷಯವನ್ನೇ ಆರಿಸಿಕೊಂಡದ್ದು ಅದಕ್ಕಾಗಿ.

ಎಂಟು ವಾರಕ್ಕೇ ಬೂದು ನೀಲಿ ಬಣ್ಣ ಇರುವ ಮರಿಯನ್ನು "ಅಪರೂಪದ ಬ್ಲೂ" ಅಂತ ಹೆಚ್ಚಿನ ಬೆಲೆಗೆ ಮಾರುತ್ತಾರೆ. ಕಾಯುವ ತಾಪತ್ರಯ ಇಲ್ಲ, ಈಗಲೇ ನೀಲಿ ಅಂತ ಕೊಳ್ಳುವವರೂ ಇದ್ದಾರೆ. ಅದು ಬೇಗ ಬೆಳೆದ ಮರಿಯಲ್ಲ. ಅದರ ವಂಶವಾಹಿಯೇ ಬೇರೆ, ಕಪ್ಪನ್ನು ಹುಟ್ಟಿನಿಂದಲೇ ತೆಳುವಾಗಿಸುವಂಥದ್ದು. ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುತ್ತದೆ. ಅವೆರಡೂ ನೋಡಲು ಚೆನ್ನಾಗಿಯೇ ಇರುತ್ತವೆ. ಗುರುತು ಹಿಡಿಯುವುದು ಸುಲಭ: ಮೂಗು ನೋಡಿ. ಯಾರ್ಕಿಯ ಮೂಗು ಕಪ್ಪಗಿರಬೇಕು. ಈ ಮರಿಯ ಮೂಗು, ತುಟಿಯ ಅಂಚು, ಕಣ್ಣಿನ ರೆಪ್ಪೆಯ ಅಂಚು ಸ್ಲೇಟಿನ ಬೂದಿಯ ಹಾಗಿರುತ್ತದೆ. ಇಂಥ ಎಷ್ಟೋ ನಾಯಿಗಳಿಗೆ ಆರು ತಿಂಗಳಿಂದ ಮೂರು ವರ್ಷದೊಳಗೆ ಬೆನ್ನ ಮೇಲಿನ ಕೂದಲು ಉದುರಲು ಶುರುವಾಗುತ್ತದೆ, ಚರ್ಮ ಒಣಗಿ ಹೊಟ್ಟು ಏಳುತ್ತದೆ, ಕೀವುಗುಳ್ಳೆ ಆಗುತ್ತವೆ. ಕಂದು ಇರುವ ಮುಖ, ಕಾಲುಗಳಲ್ಲಿ ಕೂದಲು ಉಳಿದು ಬೆನ್ನು ಬೋಳಾಗುತ್ತದೆ. ಹೋದ ಕೂದಲನ್ನು ತರುವ ಔಷಧಿ ಇಲ್ಲ. ಚರ್ಮ ನೋಡಿಕೊಳ್ಳಬಹುದು, ಅಷ್ಟೇ.

ನಾಲ್ಕು ವರ್ಷದ ಹಿಂದೆ ಮಳೆಗಾಲದಲ್ಲಿ, ಬಂದರಿನಲ್ಲಿ ಮೀನು ಮಾರುವ ಚೇಚಿಯೊಬ್ಬರು ಖಾಲಿ ಬೇಸಿನ್ನಿನಲ್ಲಿ ಏನನ್ನೋ ಹೊತ್ತು ತಂದು ನನ್ನ ಮೇಜಿನ ಮೇಲೆ ಇಟ್ಟರು. "ಇದ್ ಪಟ್ಟಿಯಾಣೋ, ಎಲಿಯಾಣೋ?" ಅಂದರು. ಇಲ್ಲಿಯ ಭಾಷೆಯಲ್ಲಿ ಪಟ್ಟಿ ಅಂದರೆ ನಾಯಿ. ನಾನು ಬಂದ ಹೊಸತರಲ್ಲಿ ಅಂಗಡಿಯಲ್ಲಿ "ಪಟ್ಟಿ ತಂದಿದ್ದೇನೆ" ಅಂತ ಸಾಮಾನಿನ ಚೀಟಿ ತೋರಿಸಿ ನಗೆಪಾಟಲಾದವಳು. ಎಲಿ ಅಂದರೆ ನಮ್ಮ ಇಲಿಯೇ. ಪ್ರಶ್ನೆ ತಪ್ಪೇನಲ್ಲ. ಬೆನ್ನು ಪೂರ್ತಿ ಬೋಳು, ಮೂಗು ಬೂದು, ಒಂದೂವರೆ ಕೆಜಿ ತೂಕವಿಲ್ಲ. ಲೈಟ್‌ಹೌಸಿನ ರಸ್ತೆಯಲ್ಲಿ ಯಾರೋ ಬಿಟ್ಟು ಹೋಗಿದ್ದರು. ಮೈಕ್ರೋಚಿಪ್ಪು ಇರಲಿಲ್ಲ, ಕೊರಳಲ್ಲಿ ಪಟ್ಟಿಯ ಗುರುತು ಮಾತ್ರ ಇತ್ತು. ಯಾರೋ ದುಬಾರಿ ಬೆಲೆ ಕೊಟ್ಟು ತಂದು, ಕೂದಲು ಇದ್ದಷ್ಟು ದಿನ ಮುದ್ದು ಮಾಡಿದ್ದಾರೆ.

ಅವಳು ಈಗ ನಮ್ಮ ಮನೆಯಲ್ಲೇ ಇದ್ದಾಳೆ. ನೀಲಿ ಅಂತ ಹೆಸರು. ಬಿಸಿಲಿಗೆ ಹೋಗುವಾಗ ಹಳೆಯ ಕಾಟನ್ ಸೀರೆಯಿಂದ ಹೊಲಿದ ಅಂಗಿ, ವಾರಕ್ಕೆ ಎರಡು ಸಲ ಔಷಧಿಯ ಸ್ನಾನ. ಆ ಚೇಚಿ ಇವತ್ತಿಗೂ ಶನಿವಾರ ಬಂದು ಬೇಯಿಸಿದ ಮತ್ತಿ ಮೀನು, ಮುಳ್ಳು ಬಿಡಿಸಿ, ಅವಳಿಗೆ ಕೊಟ್ಟು ಹೋಗುತ್ತಾರೆ.

ಅಷ್ಟಕ್ಕೂ ಈ ಉಕ್ಕಿನ ನೀಲಿಯ ಹುಚ್ಚು ಎಲ್ಲಿಂದ ಬಂತು ಅಂತ ನನಗೂ ಕುತೂಹಲವಿತ್ತು. ಇದು ಅರಮನೆಯ ನಾಯಿಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ನೇಕಾರರು ಕೆಲಸ ಹುಡುಕಿಕೊಂಡು ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಬಟ್ಟೆ ಗಿರಣಿಗಳಿಗೆ ಬಂದಾಗ ಜೊತೆಗೆ ತಂದ ಸಣ್ಣ ನಾಯಿಗಳಿಂದ ಬೆಳೆದ ತಳಿ. ಗಿರಣಿಯಲ್ಲಿ ಇಲಿ ಹಿಡಿಯುವುದು ಅದರ ಕೆಲಸ. ತಳಿಯ ಮೂಲಪುರುಷ ಅಂತ ಕರೆಯುವ ನಾಯಿ ಹಡರ್ಸ್‌ಫೀಲ್ಡ್ ಬೆನ್, 1865ರಲ್ಲಿ ಹುಟ್ಟಿ 1871ರಲ್ಲಿ ಗಾಡಿಗೆ ಸಿಕ್ಕಿ ಸತ್ತಿತು. ಅದನ್ನು ಸಾಕಿ ಪ್ರದರ್ಶನಗಳಲ್ಲಿ ಗೆಲ್ಲಿಸಿ ಹೆಸರು ತಂದವರು ಬ್ರಾಡ್‌ಫರ್ಡಿನ ಮೇರಿ ಆನ್ ಫಾಸ್ಟರ್ ಎಂಬ ಹೆಂಗಸು. ಬ್ರಿಟನ್ನಿನ ಕೆನೆಲ್ ಕ್ಲಬ್ಬು 1886ರಲ್ಲಿ ತಳಿಯನ್ನು ಮಾನ್ಯ ಮಾಡಿತು. ಅಲ್ಲಿಯ ಮಾನದಂಡದಲ್ಲಿ ಬೆನ್ನು ಗಾಢ ಉಕ್ಕಿನ ನೀಲಿ, ಬೆಳ್ಳಿಯ ನೀಲಿಯಲ್ಲ. ಕಂದು ಕೂದಲು ಬುಡದಲ್ಲಿ ಗಾಢ, ನಡುವೆ ತಿಳಿ, ತುದಿಯಲ್ಲಿ ಇನ್ನೂ ತಿಳಿ. ನೇಕಾರರ ಕಣ್ಣೇ ಅಂತ ನನಗೆ ಅನ್ನಿಸುತ್ತದೆ, ಸೆರಗಿನ ನೂಲಿನ ಲೆಕ್ಕ ಹಾಕಿದ ಹಾಗಿದೆ. ಅಮೆರಿಕದ ಕ್ಲಬ್ಬು ಕಪ್ಪು ಮತ್ತು ಕಂದು, ಕಪ್ಪು ಮತ್ತು ಹೊಂಬಣ್ಣವನ್ನೂ ಒಪ್ಪುತ್ತದೆ. ಪ್ರದರ್ಶನಕ್ಕೆ ಕರೆದೊಯ್ಯದ ನಮಗೆ ಇವೆರಡೂ ಬೇಡ.

ಕೊಳ್ಳುವವರು ನಿಜವಾಗಿ ಕೇಳಬೇಕಾದದ್ದು ಬೇರೆ ಇದೆ. ಈ ತಳಿಯಲ್ಲಿ ಕರುಳಿನ ರಕ್ತ ಯಕೃತ್ತಿನೊಳಗೆ ಹೋಗದೆ ಬಳಸು ದಾರಿ ಹಿಡಿಯುವ ಹುಟ್ಟು ದೋಷ ಬೇರೆ ನಾಯಿಗಳಿಗಿಂತ ಹೆಚ್ಚು. ಮರಿ ಬೆಳೆಯುವುದಿಲ್ಲ, ಊಟವಾದ ಮೇಲೆ ಮಂಕಾಗುತ್ತದೆ, ತೂರಾಡುತ್ತದೆ, ಫಿಟ್ಸೂ ಬರಬಹುದು. "ಟೀಕಪ್ ಯಾರ್ಕಿ" ಅಂತ ಅಂಗೈಯಲ್ಲಿ ಇಟ್ಟು ಮಾರುವ ಮರಿ ಎಷ್ಟೋ ಸಲ ಇಂಥ ಬೆಳೆಯದ ಮರಿಯೇ. ಯಕೃತ್ತಿನ ರಕ್ತಪರೀಕ್ಷೆ ಆಗಿದೆಯೇ ಕೇಳಿ, ಮೊಣಕಾಲ ಚಿಪ್ಪು ಜಾರುತ್ತದೆಯೇ ತೋರಿಸಿಕೊಳ್ಳಿ. ಕೇಂದ್ರ ಸರ್ಕಾರದ 2017ರ ನಿಯಮದ ಪ್ರಕಾರ ಎಂಟು ವಾರದೊಳಗಿನ ಮರಿಯನ್ನು ಮಾರುವಂತಿಲ್ಲ, ಸಾಕಣೆದಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ನೋಂದಣಿ ಪತ್ರ ಕೇಳಿ. "ಮೇಡಂ, ನಿಮಗೆ ನಂಬಿಕೆ ಇಲ್ಲವಾ?" ಅಂದರೆ, ಇಲ್ಲ ಅನ್ನಿ.

ಕೊಚ್ಚಿಯ ಫ್ಲಾಟುಗಳಲ್ಲಿ ಇರುವವರಿಗಾಗಿ ಒಂದು ಮಾತು. ನಮ್ಮ ವಿಳಿಂಜಂ ಪಕ್ಕದ ಅಡಿಮಲತುರ ಕಡಲತೀರದಲ್ಲಿ 2021ರ ಜೂನ್‌ನಲ್ಲಿ ಬ್ರೂನೋ ಎಂಬ ಲ್ಯಾಬ್ರಡಾರ್ ನಾಯಿಯನ್ನು ದೋಣಿಗೆ ಕಟ್ಟಿ ಹೊಡೆದು ಕೊಂದದ್ದು ನಿಮಗೆ ನೆನಪಿರಬಹುದು. ಕೇರಳ ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ಅದಕ್ಕೆ ಆ ನಾಯಿಯ ಹೆಸರನ್ನೇ ಇಟ್ಟಿತು. ಸಾಕುಪ್ರಾಣಿಗಳನ್ನು ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಿ ಪರವಾನಗಿ ಪಡೆಯಬೇಕೆಂಬ ಆದೇಶ ಬಂದದ್ದೂ ಅದರಿಂದಲೇ. ಅದೇ ವರ್ಷ, ಫ್ಲಾಟಿನ ಸಂಘಗಳು ನಾಯಿ ಬೆಕ್ಕು ಸಾಕಬಾರದೆಂದು ನಿಯಮ ಮಾಡುವಂತಿಲ್ಲ ಅಂತಲೂ ಹೈಕೋರ್ಟು ಹೇಳಿತು. ಸೆಕ್ರೆಟರಿ ನೋಟೀಸು ಅಂಟಿಸಿದರೆ ಹೆದರಬೇಡಿ. ಲೈಸೆನ್ಸು ಮಾಡಿಸಿ, ಲಿಫ್ಟಿನಲ್ಲಿ ಹಗ್ಗ ಕಟ್ಟಿಕೊಂಡು ಹೋಗಿ, ಗಲೀಜು ನೀವೇ ಎತ್ತಿ.

ಕೊನೆಯದಾಗಿ, ಹೆಸರು ಹೇಳದೆ ಒಂದು ಪ್ರಸಂಗ. ನಮ್ಮ ಕನ್ನಡದವರೇ ಒಂದು ಸಂಸಾರ, "ಸ್ಟೀಲ್ ಬ್ಲೂ ಗ್ಯಾರಂಟಿ" ಅಂತ ಮಾರಿದ ಮರಿ ತಂದಿದ್ದರು. ಹದಿನಾಲ್ಕು ತಿಂಗಳಾಯಿತು. ಕಪ್ಪೋ ಕಪ್ಪು. ಯಜಮಾನರು ಮಾರಿದವನಿಗೆ ಫೋನು ಮಾಡಿದರೆ ಅವನು, "ತಂದುಕೊಡಿ, ಬದಲಿಗೆ ಬೇರೆ ಕೊಡುತ್ತೇನೆ" ಅಂದನಂತೆ. ಆಕೆ ನಾಯಿಯನ್ನೂ ಒಂಬತ್ತು ವರ್ಷದ ಮಗಳನ್ನೂ ಕರೆದುಕೊಂಡು ನನ್ನ ಹತ್ತಿರ ಬಂದರು. "ಇನ್ನು ಬದಲಾಗುತ್ತೆ ಅಂತ ಹೇಳಿಬಿಡಿ ಡಾಕ್ಟ್ರೇ, ಇವರು ಸುಮ್ಮನಾಗ್ತಾರೆ" ಅಂತ ಕಣ್ಣಲ್ಲೇ ಕೇಳುತ್ತಿದ್ದರು. ನಾನು ಬೆನ್ನ ಕೂದಲು ಸರಿಸಿ ನೋಡಿದೆ. ಬುಡದವರೆಗೂ ಇದ್ದಿಲು. ಮುಟ್ಟಿದರೆ ಹತ್ತಿ. ಆಗಲಿಕ್ಕಿಲ್ಲ ಅಂತಲೇ ಹೇಳಿದೆ. ಇವತ್ತು ಸುಳ್ಳು ಹೇಳಿದರೆ ಇನ್ನಾರು ತಿಂಗಳಿಗೆ ಅದೇ ಮಾತು ಮತ್ತೆ ಏಳುತ್ತದೆ, ಅಷ್ಟು ದಿನ ಆ ಹುಡುಗಿ ಪ್ರತಿ ದಿನ ಕೂದಲು ಸರಿಸಿ ನೋಡುತ್ತಾ ಕೂರಬೇಕು. ಆಮೇಲೆ ಯಜಮಾನರಿಗೆ ನಾನೇ ಫೋನು ಮಾಡಿ, ವಾಪಸು ತೆಗೆದುಕೊಂಡ ಹೆಣ್ಣು ನಾಯಿಯನ್ನು ಅಂಥವರು ಏನು ಮಾಡುತ್ತಾರೆ ಅನ್ನುವುದನ್ನು ವಿವರವಾಗಿ ಹೇಳಿದೆ. ಗೂಡಿನಲ್ಲಿ ಇಟ್ಟು ಸೂಲಿನ ಮೇಲೆ ಸೂಲು ಹಾಕಿಸುತ್ತಾರೆ. ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. "ಆಯ್ತು, ಇರಲಿ ಬಿಡಿ" ಅಂದರು.

ಮೊನ್ನೆ ಲಸಿಕೆಗೆ ಬಂದಿದ್ದರು. ನಾಯಿಗೆ ಈಗ ಮೂರು ವರ್ಷ, ಎರಡು ಕೆಜಿ ಒಂಬೈನೂರು ಗ್ರಾಂ, ಕರ್ರಗೆ ಮಿರಿಮಿರಿ ಅನ್ನುತ್ತಿದ್ದಾಳೆ. ಎತ್ತಿಕೊಂಡು ಬಂದವರು ಯಜಮಾನರೇ. ಹಲ್ಲಿನ ಮೇಲೆ ಪಾಚಿ ಕಟ್ಟಿದೆ, ಸ್ವಚ್ಛ ಮಾಡಿಸಬೇಕು ಅಂತ ಹೇಳಿ ಕಳಿಸಿದ್ದೇನೆ.

ನಿಮ್ಮ ಪ್ರಶ್ನೆಗಳನ್ನು ಚಾಟಿನಲ್ಲಿ ಹಾಕಿ, ಒಂದೊಂದಾಗಿ ಉತ್ತರಿಸುತ್ತೇನೆ. ಬೆಕ್ಕಿನ ಬಗ್ಗೆಯೂ ಕೇಳಬಹುದು.